ಎರಡು ಭಾಷೆಗಳ ಒಂದು ಹಾಡು: ಜಮಾಲಾ ಮತ್ತು ‘1944’

ವಾಚ್ಯಾರ್ಥವನ್ನು ಮೀರಿ ಹೊಮ್ಮುವ ಅರ್ಥವೇ ಕಾವ್ಯದ ಆತ್ಮವೆಂದು ಆನಂದವರ್ಧನನು ಪ್ರತಿಪಾದಿಸಿದುದನ್ನು ಐಚ್ಛಿಕ ಕನ್ನಡದ ವಿದ್ಯಾರ್ಥಿಗಳು ಕಾವ್ಯಮೀಮಾಂಸೆಯ ತರಗತಿಯಲ್ಲಿ ಓದಿರುತ್ತಾರೆ. ಈ ತತ್ತ್ವಕ್ಕೆ ಉದಾಹರಣೆಗಳನ್ನು ನಾವು ಸಾಮಾನ್ಯವಾಗಿ ಹಳೆಯ ಕಾವ್ಯಗಳಿಂದಲೇ ಆರಿಸಿಕೊಳ್ಳುತ್ತೇವೆ. ಆದರೆ ನಮ್ಮ ಕಾಲದಲ್ಲಿಯೇ, ಕೋಟ್ಯಂತರ ಜನ ನೋಡುವ ಒಂದು ಹಾಡಿನ ಸ್ಪರ್ಧೆಯಲ್ಲಿ, ವಾಚ್ಯಕ್ಕೂ ವ್ಯಂಗ್ಯಕ್ಕೂ ನಡುವಣ ಅಂತರವೇ ಚರ್ಚೆಯ ವಿಷಯವಾದ ಪ್ರಸಂಗವೊಂದಿದೆ. ಉಕ್ರೇನಿನ ಪಾಪ್ ಗಾಯಕಿ ಜಮಾಲಾ 2016ರಲ್ಲಿ ಯೂರೋವಿಷನ್ ಸ್ಪರ್ಧೆಯನ್ನು ಗೆದ್ದ ಪ್ರಸಂಗವಿದು. ಅಲ್ಪಸಂಖ್ಯಾತ ಭಾಷೆಯೊಂದನ್ನು ಮನೆಮಾತಾಗಿ ಉಳ್ಳ ಕಲಾವಿದೆಯು ಆ ಭಾಷೆಯನ್ನು ಜಗತ್ತಿನೆದುರು ಹೇಗೆ ನಿಲ್ಲಿಸಿದಳೆಂಬುದು ಗಡಿನಾಡಿನ ಕನ್ನಡಿಗರಾದ ನಮಗೆ ಅಧ್ಯಯನಯೋಗ್ಯವಾದ ಸಂಗತಿ.

ಹಿನ್ನೆಲೆ

ಜಮಾಲಾಳ ಪೂರ್ಣ ಹೆಸರು ಸುಸಾನಾ ಜಮಾಲದಿನೋವಾ. ಆಕೆ 1983ರಲ್ಲಿ ಆಗಿನ ಸೋವಿಯತ್ ಒಕ್ಕೂಟಕ್ಕೆ ಸೇರಿದ್ದ ಕಿರ್ಗಿಜಿಯಾದ ಓಶ್ ನಗರದಲ್ಲಿ ಜನಿಸಿದಳು. ತಂದೆ ಕ್ರಿಮಿಯನ್ ತಾತಾರ್ ಸಮುದಾಯದವರು, ತಾಯಿ ಅರ್ಮೇನಿಯನ್ ಮೂಲದವರು. ಕಪ್ಪು ಸಮುದ್ರದ ದಂಡೆಯ ಕ್ರಿಮಿಯಾ ಈ ಸಮುದಾಯದ ತವರು. ಅಲ್ಲಿಂದ ಸಾವಿರಾರು ಕಿಲೋಮೀಟರ್ ದೂರದ ಮಧ್ಯ ಏಷ್ಯಾದಲ್ಲಿ ಆಕೆ ಹುಟ್ಟಿದುದಕ್ಕೆ ಕಾರಣ 1944ರ ಮೇ ತಿಂಗಳ ಘಟನೆ. ಇಡೀ ಸಮುದಾಯವು ಜರ್ಮನರೊಂದಿಗೆ ಕೈಜೋಡಿಸಿತೆಂಬ ಆರೋಪ ಹೊರಿಸಿ, ಸ್ಟಾಲಿನನ ಸರ್ಕಾರವು ಮೇ 18ರಿಂದ ಮೂರು ದಿನಗಳ ಅವಧಿಯಲ್ಲಿ 1,80,000ಕ್ಕೂ ಹೆಚ್ಚು ಜನರನ್ನು ರೈಲುಗಳಲ್ಲಿ ತುಂಬಿ ಗಡೀಪಾರು ಮಾಡಿತು. ಅವರಲ್ಲಿ ಬಹುಪಾಲು ಜನರನ್ನು ಉಜ್ಬೇಕಿಸ್ತಾನಕ್ಕೆ ಕಳುಹಿಸಲಾಯಿತು. ದಾರಿಯಲ್ಲಿಯೂ ಅನಂತರದ ವರ್ಷಗಳಲ್ಲಿಯೂ ಸಹಸ್ರಾರು ಜನ ಮಡಿದರು. ಜಮಾಲಾಳ ಮುತ್ತಜ್ಜಿ ಐವರು ಮಕ್ಕಳೊಂದಿಗೆ ಈ ರೈಲನ್ನು ಹತ್ತಿದವರು. ಒಂದು ಹೆಣ್ಣುಮಗು ದಾರಿಯಲ್ಲಿಯೇ ತೀರಿಕೊಂಡಿತು.

ಈ ಜನರಿಗೆ ತವರಿಗೆ ಮರಳುವ ಅವಕಾಶ ದೊರೆತದ್ದು 1980ರ ದಶಕದ ಕೊನೆಯಲ್ಲಿ. ಆಗಲೂ ತಾತಾರರಿಗೆ ಕ್ರಿಮಿಯಾದಲ್ಲಿ ಮನೆ ಕೊಳ್ಳುವುದು ಸುಲಭವಾಗಿರಲಿಲ್ಲ. ಆದ್ದರಿಂದ ಜಮಾಲಾಳ ತಂದೆತಾಯಿಗಳು ಕಾಗದದ ಮೇಲೆ ವಿಚ್ಛೇದನ ಪಡೆದು, ತಾಯಿಯ ತವರು ಹೆಸರಿನಲ್ಲಿ ಮನೆಯನ್ನು ಕೊಂಡರು. ಸ್ವಂತ ಊರಿನಲ್ಲಿ ನೆಲೆಸುವುದಕ್ಕಾಗಿ ದಂಪತಿಗಳು ದಾಖಲೆಗಳಲ್ಲಿ ಪರಕೀಯರಾಗಬೇಕಾಯಿತು.

ಸ್ಪರ್ಧೆಗಳ ದಾರಿ

ಜಮಾಲಾ ಒಂಬತ್ತನೆಯ ವಯಸ್ಸಿನಲ್ಲಿಯೇ ಕ್ರಿಮಿಯಾದ ಜನಪದ ಗೀತೆಗಳನ್ನೂ ಮಕ್ಕಳ ಹಾಡುಗಳನ್ನೂ ಧ್ವನಿಮುದ್ರಿಸಿದ್ದಳು. ಮುಂದೆ ಕೀವ್ ನಗರದ ರಾಷ್ಟ್ರೀಯ ಸಂಗೀತ ಅಕಾಡೆಮಿಯಲ್ಲಿ ಅಪೆರಾ ಗಾಯನವನ್ನು ಶಾಸ್ತ್ರೋಕ್ತವಾಗಿ ಅಭ್ಯಸಿಸಿದಳು. 2009ರಲ್ಲಿ ಲಾಟ್ವಿಯಾದ ಯೂರ್ಮಲಾದಲ್ಲಿ ನಡೆದ ‘ನ್ಯೂ ವೇವ್’ ಅಂತರರಾಷ್ಟ್ರೀಯ ಸ್ಪರ್ಧೆಯಲ್ಲಿ ಇಂಡೋನೇಷ್ಯಾದ ಗಾಯಕನೊಬ್ಬನೊಂದಿಗೆ ಪ್ರಥಮ ಸ್ಥಾನವನ್ನು ಹಂಚಿಕೊಂಡ ಮೇಲೆ ಅವಳ ಹೆಸರು ಪ್ರಸಿದ್ಧವಾಯಿತು. 

2011ರಲ್ಲಿ ಆಕೆ ಯೂರೋವಿಷನ್‌ಗೆ ಉಕ್ರೇನಿನ ಪ್ರತಿನಿಧಿಯನ್ನು ಆರಿಸುವ ರಾಷ್ಟ್ರೀಯ ಸುತ್ತಿನಲ್ಲಿ ‘ಸ್ಮೈಲ್’ ಎಂಬ ಲವಲವಿಕೆಯ ಹಾಡಿನೊಂದಿಗೆ ಸ್ಪರ್ಧಿಸಿ ಮೂರನೆಯ ಸ್ಥಾನ ಪಡೆದಳು. ಮತದಾನದ ಬಗ್ಗೆ ಆಕ್ಷೇಪಗಳೆದ್ದು ಮರುಸ್ಪರ್ಧೆಯ ಪ್ರಸ್ತಾಪ ಬಂದಾಗ ಅದರಿಂದ ಹಿಂದೆ ಸರಿದಳು. ಐದು ವರ್ಷಗಳ ಬಳಿಕ ಅದೇ ವೇದಿಕೆಗೆ ಮರಳಿದಾಗ ಅವಳ ಕೈಯಲ್ಲಿದ್ದುದು ಮುತ್ತಜ್ಜಿಯ ಕಥೆ. ಆ ಹಾಡಿನ ಹೆಸರು ‘1944’.

ಹಾಡಿನ ರಚನೆ

ಯೂರೋವಿಷನ್ 1956ರಲ್ಲಿ ಆರಂಭವಾದ ಸ್ಪರ್ಧೆ. 1966ರಿಂದ 1972ರವರೆಗೆ ಮತ್ತು 1977ರಿಂದ 1998ರವರೆಗೆ ಪ್ರತಿ ದೇಶವೂ ತನ್ನ ಭಾಷೆಯಲ್ಲಿಯೇ ಹಾಡಬೇಕೆಂಬ ನಿಯಮವಿತ್ತು. 1999ರಲ್ಲಿ ಅದನ್ನು ತೆಗೆದುಹಾಕಿದ ಬಳಿಕ ಸ್ಪರ್ಧಿಗಳು ಹೆಚ್ಚಾಗಿ ಇಂಗ್ಲಿಷಿನತ್ತ ವಾಲಿದರು. ಹೆಚ್ಚು ಜನರಿಗೆ ಅರ್ಥವಾದರೆ ಹೆಚ್ಚು ಮತ ದೊರೆಯುತ್ತದೆಂಬುದು ಸಾಮಾನ್ಯ ಲೆಕ್ಕಾಚಾರ.

ಜಮಾಲಾಳ ಹಾಡು ಈ ಲೆಕ್ಕಾಚಾರವನ್ನು ಅರ್ಧ ಒಪ್ಪಿ ಅರ್ಧ ತಿರಸ್ಕರಿಸುತ್ತದೆ. ಚರಣಗಳು ಇಂಗ್ಲಿಷಿನಲ್ಲಿವೆ, ಮನೆಯ ಬಾಗಿಲಿಗೆ ಬಂದ ಅಪರಿಚಿತರ ಕ್ರೌರ್ಯವನ್ನು ಅವು ನಿರೂಪಿಸುತ್ತವೆ. ಪಲ್ಲವಿ ಮಾತ್ರ ಕ್ರಿಮಿಯನ್ ತಾತಾರ್ ಭಾಷೆಯಲ್ಲಿದೆ. ತವರಿನಲ್ಲಿ ಬಾಳಿ ಯೌವನವನ್ನು ಕಳೆಯುವ ಭಾಗ್ಯ ದೊರೆಯಲಿಲ್ಲವೆಂಬ ಅಳಲನ್ನು ತೋಡಿಕೊಳ್ಳುವ ಆ ಪಲ್ಲವಿಯು ಸಮುದಾಯದಲ್ಲಿ ಪ್ರಚಲಿತವಿರುವ ಜನಪದ ಗೀತೆಯೊಂದರಿಂದ ಬಂದುದು. ಕೊನೆಯ ಭಾಗದಲ್ಲಿ ಮಾತು ನಿಂತು, ಆಲಾಪದಂಥ ದೀರ್ಘ ಸ್ವರವೊಂದೇ ಉಳಿಯುತ್ತದೆ.

ಈ ವಿಭಜನೆಯನ್ನು ಗಮನಿಸಬೇಕು. ಘಟನೆಯನ್ನು ಹೊರಗಿನವರಿಗೆ ತಿಳಿಸುವುದಕ್ಕೆ ಅವರ ಭಾಷೆ, ಗೋಳಾಡುವುದಕ್ಕೆ ತಾಯಿನುಡಿ, ಎರಡೂ ಸಾಲದಾದಾಗ ಬರಿಯ ಸ್ವರ. ಕೇಳುಗರಲ್ಲಿ ಬಹುತೇಕರಿಗೆ ಪಲ್ಲವಿಯ ಒಂದು ಪದವೂ ತಿಳಿಯದು. ಚರಣಗಳು ವಿಭಾವವನ್ನು ಒದಗಿಸಿರುವುದರಿಂದ, ಪದ ತಿಳಿಯದಿದ್ದರೂ ಕರುಣರಸವು ಮುಟ್ಟುತ್ತದೆ. ಯುನೆಸ್ಕೋ ತೀವ್ರ ಅಪಾಯದಲ್ಲಿರುವ ಭಾಷೆಗಳ ಸಾಲಿನಲ್ಲಿ ಸೇರಿಸಿರುವ ನುಡಿಯೊಂದು ಯೂರೋವಿಷನ್ ವೇದಿಕೆಯಲ್ಲಿ ಮೊದಲ ಬಾರಿಗೆ ಕೇಳಿಬಂದುದು ಹೀಗೆ.

ವಾಚ್ಯ ಮತ್ತು ವ್ಯಂಗ್ಯ

ಯೂರೋವಿಷನ್ ನಿಯಮಗಳು ರಾಜಕೀಯ ಸ್ವರೂಪದ ಸಾಹಿತ್ಯವನ್ನು ನಿಷೇಧಿಸುತ್ತವೆ. 2014ರಲ್ಲಿ ರಷ್ಯಾ ಕ್ರಿಮಿಯಾವನ್ನು ತನ್ನ ವಶಕ್ಕೆ ತೆಗೆದುಕೊಂಡಿತ್ತು. ಆದ್ದರಿಂದ ರಷ್ಯಾದಲ್ಲಿ ಈ ಹಾಡಿಗೆ ಆಕ್ಷೇಪಗಳೆದ್ದವು. ಆಯೋಜಕರಾದ ಯುರೋಪಿಯನ್ ಪ್ರಸಾರ ಒಕ್ಕೂಟದವರು ಹಾಡನ್ನು ಪರಿಶೀಲಿಸಿ, ಶೀರ್ಷಿಕೆಯಲ್ಲಾಗಲಿ ಸಾಹಿತ್ಯದಲ್ಲಾಗಲಿ ರಾಜಕೀಯ ಮಾತಿಲ್ಲವೆಂದು ತೀರ್ಮಾನಿಸಿದರು.

ಮೀಮಾಂಸೆಯ ಪರಿಭಾಷೆಯಲ್ಲಿ ಹೇಳುವುದಾದರೆ, ಆಯೋಜಕರು ಪರಿಶೀಲಿಸಿದುದು ವಾಚ್ಯಾರ್ಥವನ್ನು. ಅದರಲ್ಲಿ ಇರುವುದು 1944ರ ದುಃಖ ಮಾತ್ರ. ಆದರೆ 2016ರಲ್ಲಿ ಅದನ್ನು ಕೇಳಿದ ಸಹೃದಯನಿಗೆ 2014 ಹೊಳೆಯದೆ ಇರುವುದಿಲ್ಲ. ದೇಶ, ಕಾಲ, ಹಾಡುವವಳು ಯಾರೆಂಬ ಅರಿವು ಮುಂತಾದವು ವ್ಯಂಗ್ಯಾರ್ಥಕ್ಕೆ ಕಾರಣವಾಗುತ್ತವೆಂದು ನಮ್ಮ ಆಲಂಕಾರಿಕರು ಹೇಳಿರುವುದು ಇದನ್ನೇ. ನಿಯಮವು ಪದಗಳನ್ನು ತಡೆಯಬಲ್ಲದು, ಧ್ವನಿಯನ್ನು ತಡೆಯಲಾರದು.

ಹಾಗಾದರೆ ಗೆದ್ದುದು ಹಾಡೋ ರಾಜಕೀಯವೋ? ಆ ವರ್ಷ ತೀರ್ಪುಗಾರರ ಅಂಕಗಳನ್ನೂ ವೀಕ್ಷಕರ ಅಂಕಗಳನ್ನೂ ಮೊದಲ ಬಾರಿಗೆ ಪ್ರತ್ಯೇಕವಾಗಿ ಪ್ರಕಟಿಸಲಾಯಿತು. ಮೇ 14ರಂದು ಸ್ಟಾಕ್‌ಹೋಮಿನಲ್ಲಿ ನಡೆದ ಅಂತಿಮ ಸುತ್ತಿನಲ್ಲಿ ತೀರ್ಪುಗಾರರ ಮೊದಲ ಆಯ್ಕೆ 320 ಅಂಕಗಳ ಆಸ್ಟ್ರೇಲಿಯಾ. ವೀಕ್ಷಕರ ಮೊದಲ ಆಯ್ಕೆ 361 ಅಂಕಗಳ ರಷ್ಯಾ. ಜಮಾಲಾ ತೀರ್ಪುಗಾರರಿಂದ 211, ವೀಕ್ಷಕರಿಂದ 323 ಅಂಕ ಪಡೆದು ಎರಡರಲ್ಲಿಯೂ ದ್ವಿತೀಯಳಾದಳು. ಕೂಡಿಸಿದಾಗ ಅವಳ ಮೊತ್ತ 534. ಆಸ್ಟ್ರೇಲಿಯಾಕ್ಕೆ 511, ರಷ್ಯಾಕ್ಕೆ 491. ಸಂಗೀತ ಬಲ್ಲವರೂ ಸಾಮಾನ್ಯ ಕೇಳುಗರೂ ಆ ಹಾಡನ್ನು ಸಮಾನವಾಗಿ ಮೆಚ್ಚಿದುದು ಗೆಲುವಿಗೆ ಕಾರಣವಾಯಿತು. ವೀಕ್ಷಕರ ಅಗ್ರಸ್ಥಾನ ರಷ್ಯಾಕ್ಕೇ ದೊರೆತಿರುವುದರಿಂದ, ರಷ್ಯಾವಿರೋಧಿ ಭಾವನೆಯೊಂದೇ ಗೆಲ್ಲಿಸಿತೆಂಬ ವಾದವೂ ಪೂರ್ಣವಾಗಿ ನಿಲ್ಲುವುದಿಲ್ಲ.

ನಮ್ಮ ಓದಿಗೆ

ಗಡಿನಾಡಿನ ವಿದ್ಯಾರ್ಥಿಗಳು ಇಲ್ಲಿ ಹೋಲಿಕೆಯನ್ನು ಎಚ್ಚರದಿಂದ ಮಾಡಬೇಕು. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದಾಗ ಜನರು ತಮ್ಮ ಮನೆಗಳಲ್ಲಿಯೇ ಇದ್ದರು. ಬದಲಾದುದು ಆಡಳಿತದ ಗೆರೆ. ಕ್ರಿಮಿಯಾದಲ್ಲಿ ಜನರನ್ನೇ ನೆಲದಿಂದ ಕಿತ್ತೊಯ್ಯಲಾಯಿತು. ಈ ಎರಡು ನೋವುಗಳನ್ನು ಒಂದೇ ತಕ್ಕಡಿಯಲ್ಲಿ ತೂಗುವುದು ಸತ್ತವರಿಗೆ ಅನ್ಯಾಯ. ಸಾಮ್ಯವಿರುವುದು ಕಲೆಗಾರರ ಮುಂದಿರುವ ಪ್ರಶ್ನೆಯಲ್ಲಿ: ಸುತ್ತಲಿನ ದೊಡ್ಡ ಭಾಷೆಗಳ ನಡುವೆ ಮನೆಮಾತಿನಲ್ಲಿ ಹಾಡಿದರೆ ಕೇಳುವವರಾರು? ಕಯ್ಯಾರ ಕಿಞ್ಞಣ್ಣ ರೈಗಳು ಗಡಿನಾಡಿನ ಅಳಲನ್ನು ಕನ್ನಡದಲ್ಲಿಯೇ ಹಾಡಿ, ಕನ್ನಡಿಗರನ್ನೇ ಎಚ್ಚರಿಸಲು ಯತ್ನಿಸಿದರು. ಜಮಾಲಾ ಪರರ ಭಾಷೆಯನ್ನು ಬಾಗಿಲಾಗಿ ಬಳಸಿ ಒಳಗೆ ತನ್ನ ಭಾಷೆಯನ್ನು ಇರಿಸಿದಳು. ಎರಡೂ ದಾರಿಗಳು ನಮಗೆ ತೆರೆದಿವೆ.

ಗೆಲುವು ಕ್ರಿಮಿಯಾವನ್ನು ಮರಳಿ ಕೊಡಲಿಲ್ಲ. 2022ರಲ್ಲಿ ಯುದ್ಧ ವ್ಯಾಪಕವಾದಾಗ ಜಮಾಲಾಳೇ ಮಕ್ಕಳನ್ನು ಕರೆದುಕೊಂಡು ದೇಶ ಬಿಡಬೇಕಾಯಿತು. ಮುತ್ತಜ್ಜಿಯ ಕಥೆ ಬೇರೊಂದು ರೂಪದಲ್ಲಿ ಅವಳದೂ ಆಯಿತು. ಆದರೂ 2023ರಲ್ಲಿ ಅವಳು ಕ್ರಿಮಿಯಾದ 14 ಜನಪದ ಗೀತೆಗಳನ್ನು ‘ಕಿರಿಮ್’ ಎಂಬ ಸಂಕಲನವಾಗಿ ಹೊರತಂದಳು. ಸ್ಪರ್ಧೆಗಾಗಿ ಒಂದು ಪಲ್ಲವಿಯಷ್ಟು ಜಾಗ ಪಡೆದಿದ್ದ ಭಾಷೆಗೆ ಅಲ್ಲಿ ಇಡೀ ಸಂಕಲನವೇ ದೊರೆತಿದೆ. 

ಚರ್ಚೆಗೆ:
1. ‘1944’ ಹಾಡಿನಲ್ಲಿ ವ್ಯಂಗ್ಯಾರ್ಥಕ್ಕೆ ಕಾರಣವಾಗುವ ಅಂಶಗಳನ್ನು ಧ್ವನಿಸಿದ್ಧಾಂತದ ಹಿನ್ನೆಲೆಯಲ್ಲಿ ವಿವರಿಸಿರಿ.
2. ಜನಪದ ಗೀತೆಯನ್ನು ಸ್ಪರ್ಧೆಯ ಹಾಡಿನೊಳಗೆ ತರುವಾಗ ಅದು ಪಡೆಯುವುದೇನು, ಕಳೆದುಕೊಳ್ಳುವುದೇನು?
3. ನಿಮ್ಮ ಮನೆಯ ಹಿರಿಯರಲ್ಲಿ ಉಳಿದಿರುವ ಒಂದು ಹಾಡನ್ನು ಸಂಗ್ರಹಿಸಿ, ಅದರ ಸಂದರ್ಭವನ್ನು ದಾಖಲಿಸಿರಿ.