ಆಟದ ನಗರ, ನದಿಯ ದಡ

ಅಮೆರಿಕದ ವಿಲ್ ರೈಟ್ ರೂಪಿಸಿದ ‘ಸಿಮ್‌ಸಿಟಿ’ ಎಂಬ ಗಣಕಯಂತ್ರದ ಆಟವು 1989ರಲ್ಲಿ ಹೊರಬಂದಿತು. ಅದರಲ್ಲಿ ಆಟಗಾರನೇ ನಗರದ ಮಹಾಪೌರ. ಬರಿಯ ನೆಲದಲ್ಲಿ ವಸತಿ, ವ್ಯಾಪಾರ, ಕೈಗಾರಿಕೆಗಳಿಗೆ ಅವನು ಸ್ಥಳ ಗೊತ್ತುಪಡಿಸಬೇಕು. ರಸ್ತೆ, ವಿದ್ಯುತ್ತುಗಳನ್ನು ಒದಗಿಸಬೇಕು. ತೆರಿಗೆ ಹೆಚ್ಚಿದರೆ ಜನರು ಊರು ತೊರೆಯುವರು. ತಗ್ಗಿದರೆ ಬೊಕ್ಕಸ ಬರಿದಾಗುವುದು. ನೆರೆ ಬಂದರೆ ನೀರಿನ ದಡದಲ್ಲಿ ಕಟ್ಟಿದುದೆಲ್ಲ ಹಾಳಾಗುವುದು. ಆದರೂ ಸೋತವನು ಆಟವನ್ನು ಮೊದಲಿನಿಂದ ಆರಂಭಿಸಬಹುದು.

ನಿಜವಾದ ಊರಿಗೆ ಆ ಅನುಕೂಲವಿಲ್ಲ. 2019ರ ಆಗಸ್ಟ್ ತಿಂಗಳಲ್ಲಿ ಕೃಷ್ಣೆಯೂ ಉಪನದಿಗಳೂ ಉಕ್ಕಿ ಹರಿದಾಗ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳ ತೀರಗ್ರಾಮಗಳು ಜಲಾವೃತವಾದವು. ಜನರು ಮನೆಮಾರುಗಳನ್ನು ಬಿಟ್ಟು ಪರಿಹಾರ ಕೇಂದ್ರಗಳನ್ನು ಸೇರಿದರು. ಮುಂದೆ ಬೆಳೆಯುವ ಊರು ನದಿಯ ದಾರಿಯನ್ನು ನದಿಗೇ ಬಿಟ್ಟು ಬೆಳೆಯಬೇಕು. ಆಟದಲ್ಲಿ ಸೋತು ಕಲಿಯಬಹುದಾದ ಈ ಪಾಠವನ್ನು ಬಾಳಿನಲ್ಲಿ ಮೊದಲೇ ಕಲಿತಿರಬೇಕು.