ಉಳುವವನು ಮತ್ತು ಪ್ರಜೆ

ಶಂಕರಪುರದ ಮಲ್ಲಿಗೆ ನಮಗೆಲ್ಲ ಗೊತ್ತು. ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ ಎಂಬ ಲೆಕ್ಕ ಇಲ್ಲಿನ ಮಕ್ಕಳಿಗೂ ಬಾಯಿಪಾಠ. ಆದರೆ ಮಲ್ಲಿಗೆ ಗಿಡಕ್ಕೆ ವರ್ಷಗಟ್ಟಲೆ ಆರೈಕೆ ಬೇಕು. ಮುಂದಿನ ವರ್ಷ ಈ ಜಾಗದಲ್ಲಿ ಇರುತ್ತೇವೋ ಇಲ್ಲವೋ ಎಂದು ತಿಳಿಯದವರು ಅದನ್ನು ನೆಡುವ ಧೈರ್ಯ ಮಾಡುತ್ತಾರೆಯೇ? ಭೂಮಿಯ ಹಕ್ಕಿಗೂ ಮನುಷ್ಯನ ಸ್ವಾತಂತ್ರ್ಯಕ್ಕೂ ಇರುವ ನಂಟು ಇಲ್ಲಿಯೇ ಕಾಣುತ್ತದೆ.

ಈ ನಂಟನ್ನು ಕುರಿತು ಬಹಳ ಯೋಚಿಸಿದವರಲ್ಲಿ ಒಬ್ಬರು ಥಾಮಸ್ ಜೆಫರ್ಸನ್ (1743–1826). 1776ರ ಅಮೆರಿಕದ ಸ್ವಾತಂತ್ರ್ಯ ಘೋಷಣೆಯ ಕರಡನ್ನು ಬರೆದವರು ಇವರೇ. ಸ್ವಂತ ಭೂಮಿ ಇರುವ ರೈತ ಯಾರ ಹಂಗಿಗೂ ಬೀಳುವುದಿಲ್ಲ, ಆದ್ದರಿಂದ ಅವನೇ ಗಣರಾಜ್ಯದ ಆಧಾರ ಎಂಬುದು ಅವರ ವಿಚಾರ. ಭೂಮಿ ಇಲ್ಲದವರಿಗೆ 50 ಎಕರೆ ಸಿಗಬೇಕೆಂದು ವರ್ಜೀನಿಯಾ ಸಂವಿಧಾನದ ತಮ್ಮ ಕರಡಿನಲ್ಲಿ ಅವರು ಸೂಚಿಸಿದ್ದರು.

ಆದರೆ ಅವರ ಸ್ವಂತ ಹೊಲ ಉಳುತ್ತಿದ್ದವರು ಗುಲಾಮರು. ಜೀವಮಾನದಲ್ಲಿ ಅವರ ಒಡೆತನದಲ್ಲಿದ್ದ ಗುಲಾಮರ ಸಂಖ್ಯೆ 600ಕ್ಕೂ ಹೆಚ್ಚು. ಗುಲಾಮಗಿರಿ ಕೆಟ್ಟದ್ದು ಎಂದು ಅವರೇ ಬರೆದರು. ವಿದೇಶದಿಂದ ಗುಲಾಮರನ್ನು ತರುವುದನ್ನು ನಿಷೇಧಿಸುವ ಕಾಯ್ದೆಗೆ 1807ರಲ್ಲಿ ಅಧ್ಯಕ್ಷರಾಗಿ ಸಹಿಯನ್ನೂ ಹಾಕಿದರು. ಆದರೂ ಬಿಡುಗಡೆಯಾದವರು ತಮ್ಮೊಂದಿಗೆ ಸಮಾನ ಪ್ರಜೆಗಳಾಗಿ ಬಾಳಬಹುದೆಂದು ಅವರು ನಂಬಲಿಲ್ಲ. ಅವರು ತೀರಿಕೊಂಡ ಮೇಲೆ ಸಾಲ ತೀರಿಸಲು ಆ ಕುಟುಂಬಗಳನ್ನೇ ಹರಾಜು ಹಾಕಲಾಯಿತು.

ಈಗ ನಮ್ಮ ಜಿಲ್ಲೆಗೆ ಬರೋಣ. ಅವಿಭಜಿತ ದಕ್ಷಿಣ ಕನ್ನಡದಲ್ಲಿ ಮೂಲಗೇಣಿ, ಚಾಲಗೇಣಿ ಎಂಬ ಎರಡು ಬಗೆಯ ಒಕ್ಕಲುತನವಿತ್ತು. ಮೂಲಗೇಣಿದಾರನಿಗೆ ಕಾಯಂ ಹಕ್ಕಿತ್ತು. ಚಾಲಗೇಣಿದಾರನು ಧಣಿಗೆ ಮುಡಿ ಲೆಕ್ಕದಲ್ಲಿ ಅಕ್ಕಿ ಅಳೆದರೂ ಒಕ್ಕಲೆಬ್ಬಿಸುವ ಭಯ ತಪ್ಪುತ್ತಿರಲಿಲ್ಲ. 1950ರ ಸಂವಿಧಾನ ಅವನಿಗೆ ಮತ ಕೊಟ್ಟಿತು. ಆದರೆ ಧಣಿಯ ಮುಂದೆ ತಲೆ ಎತ್ತಿ ಮಾತಾಡಲು ಮತವೊಂದೇ ಸಾಲದು.

ಮುಖ್ಯಮಂತ್ರಿ ಡಿ. ದೇವರಾಜ ಅರಸು ಅವರ ಕಾಲದಲ್ಲಿ ತಿದ್ದುಪಡಿಯಾದ ಭೂಸುಧಾರಣಾ ಕಾಯ್ದೆ 1974ರ ಮಾರ್ಚ್ 1ರಂದು ಜಾರಿಗೆ ಬಂತು. 'ಉಳುವವನೇ ಹೊಲದೊಡೆಯ' ಎಂಬ ಮಾತು ಕಾನೂನಾಯಿತು. ಗೇಣಿದಾರರು 7ನೇ ನಮೂನೆಯಲ್ಲಿ ಅರ್ಜಿ ಹಾಕಿದರು. ನಮ್ಮೂರ ಹಿರಿಯರು ಇಂದಿಗೂ ಇದನ್ನು 'ಡಿಕ್ಲರೇಷನ್' ಎನ್ನುತ್ತಾರೆ. ಭೂ ನ್ಯಾಯಮಂಡಳಿಗಳು ಅರ್ಜಿಗಳನ್ನು ವಿಚಾರಿಸಿದವು. ಸಾವಿರಾರು ಒಕ್ಕಲುಗಳು ತಾವು ಉಳುತ್ತಿದ್ದ ಗದ್ದೆಗೆ ಒಡೆಯರಾದರು. 1976ರಲ್ಲಿ ಕೇಂದ್ರದ ಕಾಯ್ದೆಯು ಜೀತವನ್ನು ರದ್ದುಮಾಡಿತು.

ಹಾಗಾದರೆ ಎಲ್ಲವೂ ಸರಿಹೋಯಿತೇ? ಇಲ್ಲ. ಗೇಣಿಚೀಟಿ ಇದ್ದವರಿಗೆ, ಸಾಗುವಳಿ ತೋರಿಸಬಲ್ಲವರಿಗೆ ಗದ್ದೆ ಸಿಕ್ಕಿತು. ಅದೇ ಗದ್ದೆಯಲ್ಲಿ ಕೂಲಿಗೆ ನೇಜಿ ನೆಟ್ಟವರು ಗೇಣಿದಾರರಲ್ಲ. ಅವರಿಗೆ ಗದ್ದೆ ಸಿಗಲಿಲ್ಲ. ಕೊರಗ ಸಮುದಾಯದ ಮೇಲೆ ಹೇರಿದ್ದ ಅವಮಾನಕರ ಅಜಲು ಪದ್ಧತಿಯನ್ನು ನಿಷೇಧಿಸಲು 2000ನೇ ಇಸವಿಯವರೆಗೆ ಕಾಯಬೇಕಾಯಿತು.

ಜೆಫರ್ಸನ್ನರ ವಿಚಾರ ದೊಡ್ಡದು, ಆದರೆ ಅದರ ಬೇಲಿ ಚಿಕ್ಕದಾಗಿತ್ತು. ನಮ್ಮ ಕಾಯ್ದೆ ಆ ಬೇಲಿಯನ್ನು ಬಹಳ ದೂರ ಸರಿಸಿತು, ಪೂರ್ತಿ ಕೀಳಲಿಲ್ಲ. ಯಾವುದೇ ಸಂವಿಧಾನ, ಕಾಯ್ದೆ, ಘೋಷಣೆಯನ್ನು ಓದುವಾಗ ಪರೀಕ್ಷೆಗೆ ಇಸವಿ ನೆನಪಿಟ್ಟರೆ ಸಾಲದು. ಇದರಲ್ಲಿ ಯಾರನ್ನು ಬಿಟ್ಟಿದ್ದಾರೆ ಎಂದೂ ಕೇಳಬೇಕು.

ಈ ವಾರದ ಅಭ್ಯಾಸ: ಮನೆಯ ಅಥವಾ ನೆರೆಯ ಹಿರಿಯರೊಬ್ಬರಲ್ಲಿ ಡಿಕ್ಲರೇಷನ್ ಕಾಲದ ಬಗ್ಗೆ ಕೇಳಿ. ಯಾರಿಗೆ ಭೂಮಿ ಬಂತು, ಯಾರು ಕಳೆದುಕೊಂಡರು, ಯಾರಿಗೆ ಏನೂ ಬರಲಿಲ್ಲ? ಮೂರನ್ನೂ ಒಂದು ಪುಟದಲ್ಲಿ ಬರೆದು ತನ್ನಿ.