ಮನೆಯಲ್ಲೇ ಪೈಪ್ ಬಗ್ಗಿಸೋದು: ಸ್ವಲ್ಪ ಎಸ್‌ಓಎಂ, ಒಂದು ಲೀಟರ್ ಮರಳು

ದಸರಾ ರಜೆಗೆ ಅಜ್ಜಿ ಊರಿಗೆ ಹೋಗಿದ್ದಾಗ ಒಂದು ಪೈಪ್ ಹಾಳು ಮಾಡಿದೆ. ಆಮೇಲೆ ಇನ್ನೊಂದನ್ನ ಸರಿಯಾಗಿ ಬಗ್ಗಿಸಿದೆ. ಎರಡರ ನಡುವೆ ಕಲಿತದ್ದನ್ನ ಇಲ್ಲಿ ಬರೀತಿದ್ದೀನಿ. ನಾನು ಓದಿದ್ದೆಲ್ಲ ಇಂಗ್ಲಿಷ್ ಮೀಡಿಯಂ, ಹಾಗಾಗಿ ಟೆಕ್ನಿಕಲ್ ಪದಗಳು ನಾವು ಲ್ಯಾಬಲ್ಲಿ ಹೇಳೋ ಹಾಗೇ ಬಂದಿವೆ. ಕಾಗುಣಿತ ತಪ್ಪಿದ್ದರೆ ಕ್ಷಮಿಸಿ.

ಅಜ್ಜಿ ಮನೆಯ ಬಚ್ಚಲು ಹಿತ್ತಲ ಕಡೆ ಇದೆ, ಎರಡು ಮೆಟ್ಟಿಲು ಇಳಿಯಬೇಕು. ಗೌರಿ ಹಬ್ಬದ ಹೊತ್ತಿಗೆ ಅಜ್ಜಿ ಅಲ್ಲೇ ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡಿದ್ದರು. ಹಿಡ್ಕೊಳ್ಳೋಕೆ ಏನಾದ್ರೂ ಬೇಕಿತ್ತು. ನನ್ನ ಪ್ಲಾನ್ ಸರಳ: ಒಂದೇ ಪೈಪನ್ನ ತಲೆಕೆಳಗಾದ 'ಯು' ಥರ ಬಗ್ಗಿಸಿ, ಎರಡೂ ಕಾಲನ್ನ ಕಾಂಕ್ರೀಟಲ್ಲಿ ಹೂಳೋದು. ಎಲ್ಬೋ ಹಾಕಿ ಜೋಡಿಸಬಹುದಿತ್ತು. ಆದರೆ ಅದರ ಅಂಚಿಗೆ ಸೀರೆ ಸೆರಗು ಸಿಕ್ಕಿಹಾಕಿಕೊಂಡರೆ ಮತ್ತೆ ಬೀಳೋದೇ. ಆ ಊರಲ್ಲಿ ಪೈಪ್ ಬಗ್ಗಿಸೋ ಮೆಷಿನ್ ಇರೋ ವರ್ಕ್‌ಶಾಪ್ ಇಲ್ಲ.

ಹಾರ್ಡ್‌ವೇರ್ ಅಂಗಡಿಯಿಂದ ಒಂದಿಂಚಿನ 18 ಗೇಜ್ ಎಂಎಸ್ ಪೈಪ್ ತಂದೆ. ಕಡಿಮೆ ರೇಟು, ಹಗುರ. ಸೀಬೆ ಮರದ ಕವಲಿಗೆ ಸಿಗಿಸಿ ಎಳೆದೆ. ಮೊದಮೊದಲು ಚೆನ್ನಾಗೇ ಬಗ್ತಾ ಇತ್ತು, ಇದ್ದಕ್ಕಿದ್ದ ಹಾಗೆ ಟಕ್ ಅಂತ ಮಡಚಿಕೊಂಡಿತು. ಒಳಬದಿ ಅಪ್ಪಚ್ಚಿ. ಮಾವ ನೋಡಿ, "ಪುಟ್ಟಿ ಹಾಕಿ ಪೇಂಟ್ ಹೊಡಿಯೋ, ಯಾರಿಗೂ ಗೊತ್ತಾಗಲ್ಲ" ಅಂದರು. ನಿಜ ಹೇಳ್ತೀನಿ, ನಾನೂ ಒಪ್ಪಿಬಿಟ್ಟಿದ್ದೆ. ಸುಮ್ಮನೆ ನೋಡೋಣ ಅಂತ ಒಂದು ಕಾಲನ್ನ ಮೆಟ್ಟಿ ಇನ್ನೊಂದನ್ನ ಎಳೆದೆ. ಒಂದೇ ಕೈಯೆಳೆತಕ್ಕೆ ಅದೇ ಮಡಿಕೆಯಲ್ಲಿ ಪೂರ್ತಿ ಮಡಚಿಕೊಂಡಿತು. ಪೇಂಟ್ ಹೊಡೆದಿದ್ದರೆ ಅಜ್ಜಿ ಅದನ್ನ ನಂಬಿ ಭಾರ ಬಿಡ್ತಿದ್ದರು.

ಫಾರ್ಮುಲಾ ಎಲ್ಲಿ ಕೈಕೊಡ್ತು

ಎಂ ಬೈ ಐ ಈಕ್ವಲ್ಸ್ ಸಿಗ್ಮಾ ಬೈ ವೈ ಈಕ್ವಲ್ಸ್ ಇ ಬೈ ಆರ್. ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳ್ತೀವಿ. ಆದರೆ ಇದನ್ನ ಡಿರೈವ್ ಮಾಡುವಾಗ ಒಂದು ಮಾತನ್ನ ಸದ್ದಿಲ್ಲದೆ ಒಪ್ಪಿಕೊಂಡಿರ್ತೀವಿ: ಬಗ್ಗುವಾಗ ಅಡ್ಡಕೊಯ್ತದ ಆಕಾರ ಬದಲಾಗಲ್ಲ ಅಂತ. ಗಟ್ಟಿ ಸರಳಿಗೆ ಅದು ಸರಿ, ಟೊಳ್ಳು ಪೈಪಿಗೆ ಅಲ್ಲ.

ಕ್ಯಾಂಟೀನಲ್ಲಿ ಜ್ಯೂಸ್ ಸ್ಟ್ರಾ ತಗೊಂಡು ನಿಧಾನ ಬಗ್ಗಿಸಿ ನೋಡಿ. ಮಡಚೋಕೆ ಮುಂಚೆ ಅದು ಮೊಟ್ಟೆಯಾಕಾರ ಆಗತ್ತೆ. ಹೊರಗೋಡೆ ಎಳೆತದಲ್ಲಿದೆ, ಬಿಗಿ ಹಗ್ಗದ ಹಾಗೆ ನೇರ ಆಗೋಕೆ ನೋಡತ್ತೆ, ಅಂದರೆ ಪೈಪಿನ ಮಧ್ಯದ ಕಡೆ ಒತ್ತತ್ತೆ. ಒಳಗೋಡೆ ಕಂಪ್ರೆಶನ್‌ನಲ್ಲಿದೆ, ಅದೂ ಮಧ್ಯದ ಕಡೆಗೇ ಉಬ್ಬತ್ತೆ. ಎರಡೂ ಸೇರಿ ವೃತ್ತವನ್ನ ಚಪ್ಪಟೆ ಮಾಡ್ತವೆ. ಚಪ್ಪಟೆ ಆದಷ್ಟೂ 'ಐ' ಕಡಿಮೆ, 'ಐ' ಕಡಿಮೆ ಆದಷ್ಟೂ ಅದೇ ಜಾಗ ಇನ್ನೂ ಸುಲಭವಾಗಿ ಬಗ್ಗತ್ತೆ. 1927ರಲ್ಲಿ ಬ್ರೇಜಿಯರ್ ಅನ್ನೋರು ಇದನ್ನ ಲೆಕ್ಕ ಹಾಕಿ ತೋರಿಸಿದ್ದರಿಂದ ಬ್ರೇಜಿಯರ್ ಎಫೆಕ್ಟ್ ಅಂತಲೇ ಹೆಸರು.

ಅಂದರೆ ಸಮಸ್ಯೆ ಶಕ್ತಿಯದ್ದಲ್ಲ. 25 ಮಿ.ಮೀ. ಹೊರವ್ಯಾಸ, 2 ಮಿ.ಮೀ. ಗೋಡೆಯ (ಅಂಗಡಿ ಭಾಷೆಯಲ್ಲಿ 14 ಗೇಜ್) ಪೈಪ್ ತಗೊಳ್ಳಿ. ಪ್ಲಾಸ್ಟಿಕ್ ಸೆಕ್ಷನ್ ಮಾಡ್ಯುಲಸ್ ಹತ್ತಿರಹತ್ತಿರ ಸರಾಸರಿ ವ್ಯಾಸದ ವರ್ಗ ಗುಣಿಸು ದಪ್ಪ: 23 × 23 × 2 = 1058 ಘನ ಮಿ.ಮೀ. ಯೀಲ್ಡ್ ಸ್ಟ್ರೆಸ್ 250 ಎಂಪಿಎ ಅಂದುಕೊಂಡರೆ ಬೇಕಾದ ಮೊಮೆಂಟ್ ಸುಮಾರು 265 ನ್ಯೂಟನ್ ಮೀಟರ್. ಒಂದು ಮೀಟರ್ ದೂರದಲ್ಲಿ ಹಿಡಿದು ಎಳೆದರೆ 27 ಕೆಜಿ, ಒಂದು ಅಕ್ಕಿ ಚೀಲಕ್ಕಿಂತ ಸ್ವಲ್ಪ ಜಾಸ್ತಿ ಅಷ್ಟೆ. ಜಿಮ್ ಬೇಕಿಲ್ಲ. ಒಳಗಿನಿಂದ ಗೋಡೆಗೆ ಆಸರೆ ಬೇಕು, ಆ ಆಸರೆನೇ ಮರಳು. ಎಲೆಕ್ಟ್ರಿಷಿಯನ್‌ಗಳು ಪಿವಿಸಿ ಪೈಪ್ ಬಗ್ಗಿಸುವಾಗ ಒಳಗೆ ಸ್ಪ್ರಿಂಗ್ ತೂರಿಸೋದು ಇದಕ್ಕೇ.

ಅಳತೆ

ಬಾಗಿನ ತ್ರಿಜ್ಯ ಎಷ್ಟಿರಬೇಕು? ಹೊರಗೋಡೆಯ ಸ್ಟ್ರೇನ್ ಅಂದರೆ ಪೈಪಿನ ಅರ್ಧ ವ್ಯಾಸ ಭಾಗಿಸು ತ್ರಿಜ್ಯ. ನಾನು ವ್ಯಾಸದ ಐದು ಪಟ್ಟು, 125 ಮಿ.ಮೀ. ಇಟ್ಟುಕೊಂಡೆ. 12.5 / 125, ಹತ್ತು ಪರ್ಸೆಂಟ್. ಮೈಲ್ಡ್ ಸ್ಟೀಲ್ ಇದನ್ನ ಆರಾಮಾಗಿ ತಡೆಯತ್ತೆ. ಮನೆಯಲ್ಲಿ ನಾಲ್ಕು ಪಟ್ಟಿಗಿಂತ ಕೆಳಗೆ ಇಳಿಯೋದು ಬೇಡ.

90 ಡಿಗ್ರಿ ಬಾಗಿಗೆ ಪೈಪ್ ಖರ್ಚಾಗೋದು 1.57 × 125 = 196 ಮಿ.ಮೀ. ಚೂಪು ಮೂಲೆ ಅಂದುಕೊಂಡು ಅಳೆದರೆ 250 ಬರತ್ತೆ, ಪ್ರತಿ ಬಾಗಿಗೂ 54 ಮಿ.ಮೀ. ತಪ್ಪು. ನನ್ನ ಹಿಡಿಕೆ 600 ಅಗಲ, ನೆಲದ ಮೇಲೆ 850, ನೆಲದ ಕೆಳಗೆ 300. ಲೆಕ್ಕ: ಮೇಲಿನ ನೇರ ಭಾಗ 350, ಎರಡು ಬಾಗು 392, ಎರಡು ಕಾಲು 2050. ಒಟ್ಟು 2792. ಹತ್ತು ಅಡಿ ತುಂಡು ಸಾಕು. ಬಾಗು ಶುರುವಾಗೋ ಜಾಗಕ್ಕೆ ಸೀಮೆಸುಣ್ಣದ ಗುರುತು ಹಾಕಿ.

ಮರಳು

ಇಲ್ಲಿ ಅವಸರ ಮಾಡಬೇಡಿ, ಕೆಲಸದ ಮುಕ್ಕಾಲು ಪಾಲು ಇದೇ. ನುಣ್ಣಗೆ ಜರಡಿ ಹಿಡಿದ ಮರಳು, ಸುಮಾರು ಒಂದು ಲೀಟರ್. ಹಳೇ ಬಾಣಲೆಯಲ್ಲಿ ಹುರಿದು ಪೂರ್ತಿ ಒಣಗಿಸಿ. (ಅಜ್ಜಿಯ ಬಾಣಲೆ ಕೇಳದೆ ತಗೊಂಡು ಬೈಸಿಕೊಂಡೆ, ನೀವು ಕೇಳಿ ತಗೊಳ್ಳಿ.) ಒದ್ದೆ ಮರಳು ಒತ್ತಾಗಿ ಕೂರಲ್ಲ. ಸಿವಿಲ್‌ನವರಿಗೆ ಬಲ್ಕಿಂಗ್ ಆಫ್ ಸ್ಯಾಂಡ್ ಗೊತ್ತಲ್ಲ, ಅದೇ. ಪೈಪಿನ ಒಂದು ತುದಿಗೆ ಮರದ ಬಿರಡೆ ಬಡಿದು, ನೆಟ್ಟಗೆ ನಿಲ್ಲಿಸಿ, ಸ್ವಲ್ಪ ಸ್ವಲ್ಪ ಸುರಿಯುತ್ತಾ ಕೊಡತಿಯಿಂದ ಸುತ್ತಲೂ ತಟ್ಟಿ. ತುಂಬಿತು ಅನ್ನಿಸಿದ ಮೇಲೂ ಹತ್ತು ನಿಮಿಷ ತಟ್ಟಿದಾಗ ನನ್ನ ಮರಳು ಮೂರಿಂಚು ಇಳಿಯಿತು. ಮತ್ತೆ ತುಂಬಿದೆ. ಸದ್ದು ಟಣ್ ಅನ್ನೋದು ಬಿಟ್ಟು ದಬ್ ದಬ್ ಅನ್ನೋವರೆಗೂ ತಟ್ಟಿ, ಆಮೇಲೆ ಮೇಲಿನ ಬಿರಡೆ ಬಿಗಿಯಾಗಿ ಬಡಿಯಿರಿ.

ಒಂದು ಎಚ್ಚರಿಕೆ. ನಾನು ಹೇಳ್ತಿರೋದು ತಣ್ಣಗೇ ಬಗ್ಗಿಸೋ ವಿಧಾನ. ಬೆಂಕಿ ಹಾಕೋ ಆಸೆ ಬೇಡ. ಎರಡೂ ಕಡೆ ಮುಚ್ಚಿದ ಪೈಪಲ್ಲಿ ತೇವ ಉಳಿದಿದ್ದರೆ ಅದು ಆವಿಯಾಗಿ ಬಿರಡೆ ಗುಂಡಿನ ಥರ ಹಾರತ್ತೆ. ಜಿಐ ಪೈಪ್ ಕಾಯಿಸಿದರೆ ಮೇಲಿನ ಸತುವಿನ ಹೊಗೆ ಕುಡಿದು ಚಳಿಜ್ವರ ಬರಬಹುದು.

ಬಗ್ಗಿಸೋದು

ಮರದ ಕವಲು ಒಂದೇ ಬಿಂದುವಲ್ಲಿ ಒತ್ತತ್ತೆ, ಅದಕ್ಕೇ ಅದು ಕೆಟ್ಟ ಅಚ್ಚು. ಕಾರ್ಪೆಂಟರ್ ಹತ್ತಿರ ಚೂರು ಪ್ಲೈವುಡ್ ಕೇಳಿ 225 ಮಿ.ಮೀ. ವ್ಯಾಸದ ಎರಡು ಬಿಲ್ಲೆ ಕತ್ತರಿಸಿದೆ. 250 ಯಾಕಲ್ಲ ಅಂದರೆ, ಬಿಲ್ಲೆಗೆ ತಾಗೋದು ಪೈಪಿನ ಒಳಮೈ, ಎರಡೂ ಬದಿಗೆ 12.5 ಕಳೀಬೇಕು. 18 ಮಿ.ಮೀ. ದಪ್ಪದ ಎರಡನ್ನೂ ಒಂದರ ಮೇಲೊಂದು ಸೇರಿಸಿ ಹಳೇ ಬೆಂಚಿಗೆ ಸ್ಕ್ರೂ ಹಾಕಿದೆ, ಪೈಪಿನ ಒಂದು ತುದಿ ಹಿಡಿಯೋಕೆ ಪಕ್ಕದಲ್ಲಿ ಒಂದು ಮರದ ತುಂಡು. ಬೆಂಚ್ ಮೇಲೆ ಮಾವ ಕೂತರು.

ಪೈಪಿನ ಉದ್ದಕ್ಕೂ ಒಂದು ವೆಲ್ಡ್ ಗೆರೆ ಇರತ್ತೆ. ಅದು ಹೊರಬದಿಗೂ ಬೇಡ, ಒಳಬದಿಗೂ ಬೇಡ. ಮೇಲ್ಮುಖವಾಗಿ ಇಟ್ಟರೆ ನ್ಯೂಟ್ರಲ್ ಆಕ್ಸಿಸ್ ಮೇಲೆ ಬರತ್ತೆ, ಅಲ್ಲಿ ಸ್ಟ್ರೇನ್ ಕಡಿಮೆ. ಎರಡನೇ ಬಾಗಿಗೂ ಅದೇ ಗೆರೆ ಮೇಲ್ಮುಖ ಇದ್ದರೆ ಎರಡು ಕಾಲೂ ಒಂದೇ ಸಮತಲದಲ್ಲಿ ಕೂರ್ತವೆ. ಈ ಗೆರೆ ಇಷ್ಟು ಉಪಯೋಗಕ್ಕೆ ಬರತ್ತೆ ಅಂತ ಗೊತ್ತೇ ಇರಲಿಲ್ಲ.

ತುದಿ ಹಿಡಿದು ನಿಧಾನ ಎಳೀರಿ, ಜರ್ಕ್ ಬೇಡ. ಬಿಟ್ಟ ತಕ್ಷಣ ಸ್ವಲ್ಪ ವಾಪಸ್ ಬರತ್ತೆ, ಅದೇ ಸ್ಪ್ರಿಂಗ್‌ಬ್ಯಾಕ್. ನನ್ನ ಲೆಕ್ಕಕ್ಕೆ ಒಂದೂವರೆ ಡಿಗ್ರಿ ಬಂತು, ಬೆಂಚಲ್ಲಿ ಮೂರು ಡಿಗ್ರಿ. ಬಗ್ಗುತ್ತಾ ಲೋಹ ಗಟ್ಟಿಯಾಗೋದು ಲೆಕ್ಕದಲ್ಲಿ ಇರಲಿಲ್ಲ. 93ರವರೆಗೆ ಎಳೆದು ಬಿಟ್ಟೆ.

ಬಿರಡೆ ತೆಗೆದು ಮರಳು ಸುರಿದ ಮೇಲೆ ಮೊದಲಿನ ಪರೀಕ್ಷೆಯನ್ನೇ ಮಾಡಿದೆ: ಒಂದು ಕಾಲು ಮೆಟ್ಟಿ ಇನ್ನೊಂದನ್ನ ಎಳೆದೆ. ಸ್ವಲ್ಪ ಅಗಲವಾಯಿತು, ಬಿಟ್ಟಾಗ ಮತ್ತೆ ಜಾಗಕ್ಕೆ ಬಂತು. ಕ್ಯಾಲಿಪರ್‌ ಇರಲಿಲ್ಲ, ಸ್ಕೇಲಲ್ಲಿ ಬಾಗಿನ ಹತ್ತಿರ ಅಳೆದರೆ 25ರ ಜಾಗದಲ್ಲಿ 24 ಇತ್ತು. ಮಾವ ಎರಡು ಸಲ ಎಳೆದು ನೋಡಿ, ಏನೂ ಹೇಳದೆ ಸಿಮೆಂಟ್ ಕಲಸೋಕೆ ಹೋದರು.

ಏಳು ದಿನ ಯಾರೂ ಮುಟ್ಟಬಾರದು, ನೀರು ಹಾಕ್ತಾ ಇರಬೇಕು ಅಂತ ಹೇಳಿ ಬಂದೆ. ಮೂರನೇ ದಿನ ಫೋನ್ ಮಾಡಿದಾಗ ಅಜ್ಜಿ ಅದರ ಮೇಲೆ ಒದ್ದೆ ಸೀರೆ ಒಣಹಾಕಿದ್ದರು.